ವಿಮಾ ಏಜೆಂಟರಿಗೆ ಬಿಸಿನೆಸ್ ಕೋಚ್ ಬೇಕೇ? ನಿವೃತ್ತ ಅಭಿವೃದ್ಧಿ ಅಧಿಕಾರಿಯೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ಚನ್ನಗಿರಿಯ ಏಜೆಂಟರೊಬ್ಬರಿಂದ):

ನಮಸ್ಕಾರ ಸರ್. ನಾನು ಎಲ್‌ಐಸಿ ಏಜೆಂಟನಾಗಿ ಆರು ವರ್ಷಗಳಾದವು. ನೆಂಟರಿಷ್ಟರು, ಪರಿಚಯದವರು ಇರುವವರೆಗೆ ಪಾಲಿಸಿಗಳು ಸಿಕ್ಕವು. ಈಚೆಗೆ ಹೊಸ ವ್ಯವಹಾರ ನಿಂತಲ್ಲೇ ನಿಂತಿದೆ. ವಿಮಾ ಏಜೆಂಟರಿಗೆಂದೇ ತರಬೇತಿ ನೀಡುವ ಬಿಸಿನೆಸ್ ಕೋಚ್ ಒಬ್ಬರ ಉಚಿತ ಆನ್‌ಲೈನ್ ಸಭೆಯಲ್ಲಿ ಭಾಗವಹಿಸಿದ್ದೆ. ಆರು ತಿಂಗಳ ಕಾರ್ಯಕ್ರಮಕ್ಕೆ 60,000 ರೂಪಾಯಿ, ಜಿಎಸ್‌ಟಿ ಪ್ರತ್ಯೇಕ; ಮಾರ್ಚ್ ಮುಗಿಯುವುದರೊಳಗೆ ಎಂಡಿಆರ್‌ಟಿ (ಮಿಲಿಯನ್ ಡಾಲರ್ ರೌಂಡ್ ಟೇಬಲ್, ಹೆಚ್ಚು ವ್ಯವಹಾರ ಮಾಡುವ ವಿಮಾ ಏಜೆಂಟರ ಅಂತರರಾಷ್ಟ್ರೀಯ ಸಂಸ್ಥೆ) ಸದಸ್ಯತ್ವದ ಗುರಿ ಮುಟ್ಟಿಸುತ್ತೇವೆ ಎಂಬುದು ಅವರ ಭರವಸೆ. ಈ ವಾರವೇ ಸೇರಿದರೆ ರಿಯಾಯಿತಿ ಇದೆಯಂತೆ. ಇಷ್ಟು ಹಣ ಹಾಕುವುದು ಸರಿಯೇ?

ಉತ್ತರ:

ನಮಸ್ಕಾರ. ಈ ವಾರ ಸೇರಬೇಡಿ. ಎಂದೂ ಸೇರಬಾರದೆಂದು ನಾನು ಹೇಳುತ್ತಿಲ್ಲ. ಸೇರುವ ಮೊದಲು ನಿಮ್ಮ ಶಾಖೆಯಲ್ಲಿಯೇ ಸಿಗುವ ಕೆಲವು ಲೆಕ್ಕಗಳನ್ನು ನೋಡಬೇಕು ಎನ್ನುತ್ತಿದ್ದೇನೆ.

ಮೊದಲು ಶುಲ್ಕದ ಮಾತು. ಶೇ 18ರ ಜಿಎಸ್‌ಟಿ ಸೇರಿದರೆ 60,000 ರೂಪಾಯಿ 70,800 ಆಗುತ್ತದೆ. ಏಜೆಂಟರ ಕಮಿಷನ್ ಮೇಲಿನ ಜಿಎಸ್‌ಟಿಯನ್ನು ರಿವರ್ಸ್ ಚಾರ್ಜ್ ಪದ್ಧತಿಯಲ್ಲಿ ವಿಮಾ ಕಂಪನಿಯೇ ಕಟ್ಟುವುದರಿಂದ, ನೀವು ಕೋಚ್‌ಗೆ ಕೊಟ್ಟ ತೆರಿಗೆಯನ್ನು ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಆಗಿ ಹಿಂಪಡೆಯಲು ದಾರಿಯಿಲ್ಲ. ಆ 10,800 ರೂಪಾಯಿ ಪೂರ್ತಿ ನಿಮ್ಮ ಕೈಯಿಂದಲೇ ಹೋಗುತ್ತದೆ. ನೀವು ಮಾರುವ ಯೋಜನೆಗಳ ಮೇಲೆ ಮೊದಲ ವರ್ಷದ ಕಮಿಷನ್ ಸರಾಸರಿ ಶೇ 25 ಎಂದಿಟ್ಟುಕೊಂಡರೆ, ಈ ಖರ್ಚು ಹಿಂದಿರುಗಲು 2,83,200 ರೂಪಾಯಿಯ ಹೊಸ ಪ್ರೀಮಿಯಂ ಬರಬೇಕು. ಪಾಲಿಸಿಯೊಂದಕ್ಕೆ ವಾರ್ಷಿಕ 24,000 ರೂಪಾಯಿಯಂತೆ ಸುಮಾರು ಹನ್ನೆರಡು ಪಾಲಿಸಿಗಳು. ಕೋಚ್ ಇಲ್ಲದಿದ್ದರೂ ಬರುತ್ತಿದ್ದ ಪಾಲಿಸಿಗಳನ್ನು ಈ ಹನ್ನೆರಡರಲ್ಲಿ ಸೇರಿಸುವಂತಿಲ್ಲ. ಜಾಹೀರಾತುಗಳಲ್ಲಿ ಕಾಣುವ ‘ನಮ್ಮ ಶಿಷ್ಯರ ಸಾಧನೆ’ಗಳಲ್ಲಿ ಈ ಭೇದವನ್ನು ಯಾರೂ ತೋರಿಸುವುದಿಲ್ಲ.

ಎಂಡಿಆರ್‌ಟಿ ಬಗ್ಗೆ ಒಂದು ಮಾತು. 1927ರಲ್ಲಿ ಅಮೆರಿಕದಲ್ಲಿ ಆರಂಭವಾದ ಆ ಸಂಸ್ಥೆ ಅರ್ಹತೆಗೆ ಎಣಿಸುವುದು ಜನವರಿಯಿಂದ ಡಿಸೆಂಬರ್‌ವರೆಗಿನ ವ್ಯವಹಾರವನ್ನು. ಮಾರ್ಚ್ ಒಳಗೆ ಗುರಿ ಮುಟ್ಟಿಸುವೆನೆಂದು ಹೇಳುವವರಿಗೆ ನಮ್ಮ ಆರ್ಥಿಕ ವರ್ಷಕ್ಕೂ ಅದರ ವರ್ಷಕ್ಕೂ ಇರುವ ವ್ಯತ್ಯಾಸ ತಿಳಿದಿದೆಯೇ ಎಂದು ಕೇಳಿ ನೋಡಿ. ಗುರಿಯ ವರ್ಷವೇ ತಿಳಿಯದವರು ಗುರಿ ಮುಟ್ಟಿಸುವ ಬಗೆ ನನಗೆ ಅರ್ಥವಾಗುವುದಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನಿಮ್ಮ ಶಾಖೆಗೆ ಹೋಗಿ ನಿಮ್ಮ ಏಜೆನ್ಸಿಯ 13ನೇ ತಿಂಗಳ ಮತ್ತು 61ನೇ ತಿಂಗಳ ಪರ್ಸಿಸ್ಟೆನ್ಸಿ (ಕಂತು ಬರುತ್ತ ಚಾಲ್ತಿಯಲ್ಲಿ ಉಳಿದ ಪಾಲಿಸಿಗಳ ಪ್ರಮಾಣ) ಎಷ್ಟಿದೆ ಎಂದು ನೋಡಿ. ಜೊತೆಗೆ ಲ್ಯಾಪ್ಸ್ ಆದ, ಅಂದರೆ ಕಂತು ಕಟ್ಟದೆ ನಿಂತುಹೋದ, ಪಾಲಿಸಿಗಳ ಪಟ್ಟಿಯನ್ನೂ ಪಡೆಯಿರಿ. ಒಂದು ವರ್ಷದ ಹಿಂದೆ ಮಾರಿದ ಪಾಲಿಸಿಗಳಲ್ಲಿ ಎಷ್ಟಕ್ಕೆ ಎರಡನೇ ವರ್ಷದ ಕಂತು ಬಂದಿದೆ ಎಂಬುದೇ 13ನೇ ತಿಂಗಳ ಲೆಕ್ಕ; ಐದು ವರ್ಷ ಕಳೆದ ಮೇಲೂ ಎಷ್ಟು ಉಳಿದಿವೆ ಎಂಬುದು 61ನೇ ತಿಂಗಳದ್ದು. ಹೊಸ ವ್ಯವಹಾರ ನಿಂತಿದೆ ಎಂದು ದೂರುವ ಅನೇಕ ಏಜೆಂಟರ ತೊಂದರೆ ವಾಸ್ತವದಲ್ಲಿ ಇಲ್ಲಿರುತ್ತದೆ: ಹಳೆಯ ಗ್ರಾಹಕರು ಕಂತು ನಿಲ್ಲಿಸಿರುತ್ತಾರೆ, ಕಂತು ನಿಲ್ಲಿಸಿದವರು ತಮ್ಮ ನೆರೆಯವರ ಹೆಸರನ್ನು ಏಜೆಂಟರಿಗೆ ಹೇಳುವುದಿಲ್ಲ, ಹೆಸರು ಸಿಗದ ಏಜೆಂಟರು ಗುರುತಿಲ್ಲದ ಮನೆಗಳ ಬಾಗಿಲು ತಟ್ಟಬೇಕಾಗುತ್ತದೆ. ನಿಮ್ಮ ಭಾಗದಲ್ಲಿ ಅಡಿಕೆ ಬೆಳೆಗಾರರಿಗೆ ತಿಂಗಳ ಕಂತಿನ ಪಾಲಿಸಿ ಮಾಡಿಸಿದ್ದರೆ ಅದು ನಿಲ್ಲುವುದು ಸಹಜ. ಮಾಲು ಮಾರಾಟವಾಗಿ ಕೈಗೆ ಹಣ ಬರುವ ಕಾಲಕ್ಕೆ ಹೊಂದುವಂತೆ ವಾರ್ಷಿಕ ಕಂತಿಗೆ ಬದಲಾಯಿಸಿಕೊಟ್ಟರೆ ಅದೇ ಪಾಲಿಸಿ ಉಳಿಯುತ್ತದೆ. ದೊಡ್ಡ ನಗರದಿಂದ ಝೂಮ್‌ನಲ್ಲಿ ಪಾಠ ಹೇಳುವ ಕೋಚ್‌ಗೆ ಇದು ಹೊಳೆಯಲಾರದು.

ಕಾಲವೂ ಬದಲಾಗಿದೆ. 2024ರ ಅಕ್ಟೋಬರ್ 1ರಿಂದ ಸರೆಂಡರ್ ಮೌಲ್ಯದ (ಅವಧಿಗೆ ಮೊದಲೇ ಪಾಲಿಸಿ ಬಿಟ್ಟವರಿಗೆ ಸಿಗುವ ಹಣದ) ಹೊಸ ನಿಯಮಗಳು ಜಾರಿಗೆ ಬಂದ ಬಳಿಕ ಎಲ್‌ಐಸಿ ಮೊದಲ ವರ್ಷದ ಕಮಿಷನನ್ನು ತಗ್ಗಿಸಿ ನವೀಕರಣ ಕಮಿಷನನ್ನು ಹೆಚ್ಚಿಸಿತು. ಪಾಲಿಸಿ ಉಳಿಸಿಕೊಳ್ಳುವ ಏಜೆಂಟರ ಕಡೆಗೆ ಹಣ ವಾಲುತ್ತಿರುವಾಗ, ಕ್ಲೋಸಿಂಗ್ (ಮಾರಾಟ ಕುದುರಿಸುವ) ತಂತ್ರಗಳನ್ನೇ ಮುಂದಿಟ್ಟುಕೊಂಡ ಕೋಚಿಂಗ್ ಹಿಂದಿನ ಲೆಕ್ಕಾಚಾರಕ್ಕೆ ತಕ್ಕದ್ದು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಲ್ಯಾಪ್ಸ್ ಆದವರನ್ನು ಮತ್ತೆ ಮಾತನಾಡಿಸಲು ನಿಮಗೊಂದು ಒಳ್ಳೆಯ ಕಾರಣವೂ ಇದೆ: 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವವಿಮೆಯ ಪ್ರೀಮಿಯಂ ಮೇಲೆ ಜಿಎಸ್‌ಟಿ ಇಲ್ಲ. ರಿವೈವಲ್‌ಗೆ, ಅಂದರೆ ನಿಂತ ಪಾಲಿಸಿಯನ್ನು ಮತ್ತೆ ಚಾಲ್ತಿಗೆ ತರಲು, ಇದನ್ನು ಬಳಸಿಕೊಳ್ಳಲು ಯಾರಿಗೂ ಶುಲ್ಕ ಕೊಡಬೇಕಾಗಿಲ್ಲ.

ನಿಮ್ಮನ್ನು ನೇಮಿಸಿದ ಡಿ.ಓ. (ಅಭಿವೃದ್ಧಿ ಅಧಿಕಾರಿ) ಇದ್ದಾರಲ್ಲವೇ? ಅವರ ಇನ್‌ಸೆಂಟಿವ್ ನಿಮ್ಮ ವ್ಯವಹಾರವನ್ನೇ ಅವಲಂಬಿಸಿರುವುದರಿಂದ ನಿಮ್ಮ ಜೊತೆ ಗ್ರಾಹಕರ ಮನೆಗೆ ಬರುವುದು ಅವರಿಗೂ ಲಾಭ. ಎಲ್ಲ ಡಿ.ಓ.ಗಳೂ ಈ ಕೆಲಸವನ್ನು ಮನಸ್ಸಿಟ್ಟು ಮಾಡುತ್ತಾರೆಂದು ನಾನು ವಾದಿಸಲಾರೆ. ಆದರೂ ಕೇಳುವ ಹಕ್ಕು ನಿಮಗಿದೆ. ವಿಷಯಜ್ಞಾನದ ಕೊರತೆ ಇದ್ದರೆ ಮುಂಬಯಿಯ ಇನ್ಶೂರೆನ್ಸ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯಾ ನಡೆಸುವ ಲೈಸೆನ್ಶಿಯೇಟ್ ಪರೀಕ್ಷೆಗೆ ಕುಳಿತುಕೊಳ್ಳಿ. ಅದು ನಿಮ್ಮ ಹೆಸರಿನ ಮುಂದೆ ಉಳಿಯುವ ಅರ್ಹತೆ.

ಹಾಗಾದರೆ ಕೋಚ್ ಯಾರಿಗೆ ಉಪಯೋಗ? ಗ್ರಾಹಕರ ಸಂಖ್ಯೆ ಬೆಳೆದು, ದಿನವೆಲ್ಲ ಕಂತು ವಸೂಲಿ ಮತ್ತು ಸೇವೆಯಲ್ಲೇ ಕಳೆದು, ಸಹಾಯಕರನ್ನು ಇಟ್ಟುಕೊಳ್ಳಬೇಕೇ ಎಂದು ತೂಗುತ್ತಿರುವವರಿಗೆ; ಅಥವಾ ಸಂಬಳದಾರರ ಎಂಡೋಮೆಂಟ್ ಪಾಲಿಸಿಗಳಿಂದ ವ್ಯಾಪಾರಸ್ಥರ ಕಡೆಗೆ ಹೊರಳಿ, ಕೀಮ್ಯಾನ್ ವಿಮೆ (ಸಂಸ್ಥೆಯ ಮುಖ್ಯ ವ್ಯಕ್ತಿಯ ಜೀವದ ಮೇಲಿನ ವಿಮೆ), ಪಾಲುದಾರಿಕೆ ವಿಮೆ, 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯಡಿ ಹೆಂಡತಿ ಮಕ್ಕಳಿಗೇ ಹಣ ಮೀಸಲಾಗುವಂತೆ ಮಾಡಿಸುವ ಪಾಲಿಸಿಗಳನ್ನು ಕಲಿಯಬಯಸುವವರಿಗೆ. ಅಂಥವರಿಗೆ ತಾವೇ ಆ ಕೆಲಸ ಮಾಡಿ ಬಲ್ಲ ಮಾರ್ಗದರ್ಶಿಯೊಬ್ಬರು ಕೆಲವು ವರ್ಷಗಳನ್ನು ಉಳಿಸಿಕೊಡಬಹುದು. ಕೋಚ್ ಆಗಲು ನಮ್ಮಲ್ಲಿ ಪರವಾನಗಿ ಬೇಕಿಲ್ಲ. ಇಂಟರ್‌ನ್ಯಾಷನಲ್ ಕೋಚಿಂಗ್ ಫೆಡರೇಷನ್ನಿನ ಪ್ರಮಾಣಪತ್ರವಿದ್ದರೂ ಅದು ಕೋಚಿಂಗ್ ಕಲೆಗೆ ಸಾಕ್ಷಿಯೇ ಹೊರತು ವಿಮೆಯ ಅನುಭವಕ್ಕಲ್ಲ. ಆದ್ದರಿಂದ ಅವರು ಏಜೆನ್ಸಿ ನಡೆಸಿದ್ದರೇ, ಅವರ ಬಳಿ ಕಲಿತವರ 13ನೇ ತಿಂಗಳ ಪರ್ಸಿಸ್ಟೆನ್ಸಿ ಎಷ್ಟು, ಶುಲ್ಕವನ್ನು ತಿಂಗಳ ಲೆಕ್ಕದಲ್ಲಿ ಪಡೆದು ಬೇಡವೆನಿಸಿದಾಗ ಬಿಡಲು ಅವಕಾಶ ಕೊಡುತ್ತಾರೆಯೇ ಎಂದು ಕೇಳಿ. ಎರಡನೆಯ ಪ್ರಶ್ನೆಗೆ ಬಹಳ ಮಂದಿ ತಡವರಿಸುತ್ತಾರೆ.

ಮರುಪ್ರಶ್ನೆ (ಹುಬ್ಬಳ್ಳಿಯ ಮಹಿಳಾ ಏಜೆಂಟರೊಬ್ಬರಿಂದ):

ಸರ್, ನಾನು ಸೇರಿರುವ ಕೋಚಿಂಗ್‌ನಲ್ಲಿ ಫೇಸ್‌ಬುಕ್ ಜಾಹೀರಾತು ಹಾಕಲು ಹೇಳಿ, ಕರೆ ಮಾಡಲು ಫೋನ್ ನಂಬರುಗಳ ಪಟ್ಟಿಯನ್ನೂ ಕೊಟ್ಟಿದ್ದಾರೆ. ಇದರಲ್ಲಿ ತೊಂದರೆ ಇದೆಯೇ?

ಉತ್ತರ:

ಇದೆ ಮೇಡಂ, ಮತ್ತು ಆ ತೊಂದರೆ ಕೋಚ್‌ಗಲ್ಲ, ನಿಮಗೆ. ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐನ ಜಾಹೀರಾತು ನಿಯಮಗಳ ಪ್ರಕಾರ ಏಜೆಂಟರು ವಿಮಾ ಕಂಪನಿಯ ಮುಂಗಡ ಒಪ್ಪಿಗೆ ಇಲ್ಲದೆ ಯೋಜನೆಗಳ ಜಾಹೀರಾತು ನೀಡುವಂತಿಲ್ಲ. ಕೋಚ್ ಸಿದ್ಧಪಡಿಸಿಕೊಟ್ಟ ‘ಖಚಿತ ಲಾಭ’ದ ಪೋಸ್ಟರಿಗೂ ಇದು ಅನ್ವಯಿಸುತ್ತದೆ. ಒಪ್ಪಿಗೆ ಪಡೆಯದೆ ಸಂಗ್ರಹಿಸಿದ ನಂಬರುಗಳಿಗೆ ಕರೆ ಮಾಡಿದರೆ ಡಿಎನ್‌ಡಿ (ಅನಗತ್ಯ ವ್ಯಾಪಾರಿ ಕರೆಯ) ದೂರು ಬಂದು ನಿಮ್ಮ ಫೋನ್ ಸಂಪರ್ಕವೇ ಕಡಿತವಾಗಬಹುದು. ಮೊದಲ ಕಂತಿನಲ್ಲಿ ಪಾಲು ಬಿಟ್ಟುಕೊಟ್ಟು ಗ್ರಾಹಕರನ್ನು ಸೆಳೆಯಿರಿ ಎಂದೇನಾದರೂ ಹೇಳಿಕೊಟ್ಟಿದ್ದರೆ, 1938ರ ವಿಮಾ ಕಾಯ್ದೆಯ 41ನೇ ವಿಧಿ ಅದನ್ನು ನಿಷೇಧಿಸಿದೆ. ದಂಡ ಹತ್ತು ಲಕ್ಷ ರೂಪಾಯಿವರೆಗೆ ಇದೆ. ಈ ಪದ್ಧತಿ ನಮ್ಮಲ್ಲಿ ಎಷ್ಟು ವ್ಯಾಪಕವಾಗಿದೆ ಎಂಬುದು ಈ ವೃತ್ತಿಯಲ್ಲಿರುವ ಎಲ್ಲರಿಗೂ ಗೊತ್ತು. ಕಮಿಷನನ್ನು ಗ್ರಾಹಕರಿಗೇ ಹಂಚಿ, ಆದಾಯ ಸಾಲದೆಂದು ಕೋಚ್‌ಗೆ ಶುಲ್ಕ ಕಟ್ಟುವವರನ್ನು ನಾನು ಕಂಡಿದ್ದೇನೆ.

ಮರುಪ್ರಶ್ನೆ (ಚನ್ನಗಿರಿಯವರಿಂದ):

ಧನ್ಯವಾದ ಸರ್. ಶುಲ್ಕವನ್ನು ಆದಾಯ ತೆರಿಗೆಯಲ್ಲಿ ಖರ್ಚೆಂದು ತೋರಿಸಬಹುದು, ಆದ್ದರಿಂದ ಅರ್ಧ ಹಣ ಉಳಿದಂತೆಯೇ ಎಂದು ಕೋಚ್ ಕಡೆಯವರು ಹೇಳಿದರು. ನಿಜವೇ?

ಉತ್ತರ:

ವೃತ್ತಿಯ ಖರ್ಚೆಂದು ತೋರಿಸಬಹುದು ಎಂಬ ಭಾಗ ನಿಜ. ಕಮಿಷನ್ ಆದಾಯಕ್ಕೆ ಅಂದಾಜು ಲಾಭದ ಸರಳ ಪದ್ಧತಿ ಅನ್ವಯವಾಗದ ಕಾರಣ, ಖರ್ಚು ತೋರಿಸಲು ಲೆಕ್ಕ ಮತ್ತು ಬಿಲ್ ಎರಡೂ ಬೇಕು. ಆದರೆ ಅರ್ಧ ಹಣ ಉಳಿಯುವ ಮಾತು ಸುಳ್ಳು. ಹೊಸ ತೆರಿಗೆ ಪದ್ಧತಿಯಲ್ಲಿ 2025-26ರ ಆರ್ಥಿಕ ವರ್ಷದಿಂದ 12 ಲಕ್ಷ ರೂಪಾಯಿವರೆಗಿನ ಆದಾಯಕ್ಕೆ ರಿಯಾಯಿತಿಯ ಮೂಲಕ ತೆರಿಗೆಯೇ ಬಾರದಿರುವಾಗ, ನಿಮ್ಮ ಆದಾಯ ಆ ಮಿತಿಯೊಳಗಿದ್ದರೆ ಖರ್ಚು ತೋರಿಸಿ ಉಳಿಸಲು ಏನೂ ಇರುವುದಿಲ್ಲ. ಒಂದು ವೇಳೆ ಮುಂದೆ ಸೇರುವುದಾದರೂ ಜಿಎಸ್‌ಟಿ ಸಂಖ್ಯೆ ಇರುವ ಬಿಲ್ ಕೇಳಿ. ಜಿಎಸ್‌ಟಿ ಪಡೆದೂ ಬಿಲ್ ಕೊಡಲು ಹಿಂಜರಿದು, ವೈಯಕ್ತಿಕ ಖಾತೆಗೆ ಹಣ ಹಾಕಿ ಎಂದರೆ ಅಲ್ಲಿಗೇ ಮಾತು ಮುಗಿಸಿ.