ಬೆಳಿಗ್ಗೆ ಕೊಟ್ಟ ಎಂಟ್ರಿ ಪರ್ಮಿಟ್ ಊಟದ ನಂತರವೂ ನಡೆಯುತ್ತಾ?

ಪ್ರಶ್ನೆ: ಹಾಸನದವನು, ಕೆಲಸ ಬೀದರ್ ಕಡೆ

ನಮಸ್ಕಾರ. ಒಂದು ಬಲ್ಕ್ ಡ್ರಗ್ (ಔಷಧಿಯ ಮೂಲವಸ್ತು) ಕಾರ್ಖಾನೆಯಲ್ಲಿ ಸೇಫ್ಟಿ ಆಫೀಸರ್ ಆಗಿ ಸೇರಿ ಹನ್ನೊಂದು ತಿಂಗಳಾಯ್ತು. ಕಾರ್ಖಾನೆ ಹೆಸರು ಬೇಡ.

ಸೋಮವಾರ ಗ್ಲಾಸ್‌ಲೈನ್ಡ್ ರಿಯಾಕ್ಟರ್ (ಒಳಗೆ ಗಾಜಿನ ಲೇಪ ಇರೋ, ರಾಸಾಯನಿಕ ಬೆರೆಸೋ ದೊಡ್ಡ ಪಾತ್ರೆ) ಒಂದರೊಳಗೆ ಇಳಿದು ತಳದ ವಾಲ್ವ್ ನೋಡಬೇಕಿತ್ತು. ತೊಳೆದು, ಬ್ಲೋವರ್ ಇಟ್ಟು, 9:20ಕ್ಕೆ ನಾನೇ ಗ್ಯಾಸ್ ಟೆಸ್ಟ್ ಮಾಡಿದೆ. ಆಮ್ಲಜನಕ ಶೇ. 20.8, ಎಲ್‌ಇಎಲ್ (ಬೆಂಕಿ ಹತ್ತೋ ಆವಿಯ ಅಳತೆ) ಸೊನ್ನೆ. ಒಳಗೆ ಇಳಿಯೋಕೆ ಬರೆದು ಕೊಡೋ ಪರ್ಮಿಟ್ ಸಂಜೆ 5ರವರೆಗೆ. ಒಂದು ಗಂಟೆಗೆ ಹುಡುಗರು ಊಟಕ್ಕೆ ಹೋದರು. ಮನೆಯಲ್ಲಿ ಫ್ಯಾನ್ ಆರಿಸಿ ಹೊರಡ್ತೀವಲ್ಲ, ಹಾಗೆ ಹೆಲ್ಪರ್ ಒಬ್ಬ ಬ್ಲೋವರ್ ಆಫ್ ಮಾಡಿ ಹೋಗಿದ್ದ.

2:10ಕ್ಕೆ ಫಿಟ್ಟರ್ ಏಣಿಗೆ ಕಾಲಿಡುವಾಗ ಯಾಕೋ ಮನಸ್ಸು ಒಪ್ಪಲಿಲ್ಲ, ತಡೆದೆ. ಮ್ಯಾನ್‌ಹೋಲ್ ಬಾಯಲ್ಲಿ ಮೀಟರ್ 20.6 ತೋರಿಸ್ತು. ಟ್ಯೂಬನ್ನು ತಳದವರೆಗೆ ಬಿಟ್ಟು ಕಾದೆ. 19.9, 18.7, ಅಲಾರಂ ಹೊಡ್ಕೊಳ್ಳೋಕೆ ಶುರು, 16.4ಕ್ಕೆ ಬಂದು ನಿಂತಿತು. ನೈಟ್ರೋಜನ್ ಲೈನಿನ ವಾಲ್ವ್ ಮುಚ್ಚಿ ಟ್ಯಾಗ್ ಹಾಕಿದ್ರು, ಆದ್ರೆ ಅದು ಪಾಸ್ ಆಗ್ತಿತ್ತು, ಅಂದ್ರೆ ಮುಚ್ಚಿದ್ರೂ ಗ್ಯಾಸ್ ಒಳಗೆ ಸೋರ್ತಿತ್ತು. ಬ್ಲೈಂಡ್ (ಪೈಪಿನ ಬಾಯಿ ಮುಚ್ಚೋ ಗಟ್ಟಿ ಪ್ಲೇಟ್) ಹಾಕಿರಲಿಲ್ಲ. ಆ ಲೈನಿನ ಡಿಪ್ ಪೈಪ್ ನೇರ ತಳಕ್ಕೆ ಹೋಗುತ್ತೆ. ಏಣಿಯ ಕಾಲಿಗೆ ಮಾತ್ರ ರಬ್ಬರ್ ಸುತ್ತಿದ್ರು, ಗಾಜಿಗೆ ಗೀರು ಬೀಳಬಾರದಂತೆ!

ಪರ್ಮಿಟ್ಟಲ್ಲಿ ‘ಐಸೊಲೇಷನ್ ಆಗಿದೆ’ (ಹೊರಗಿನ ಲೈನುಗಳ ಸಂಪರ್ಕ ಕಡಿದಿದೆ) ಅನ್ನೋ ಚೌಕಕ್ಕೆ ಟಿಕ್ ಇತ್ತು. ಕೆಳಗೆ ನನ್ನದೇ ಸಹಿ.

ಪ್ರೊಡಕ್ಷನ್ ಮ್ಯಾನೇಜರ್ ಮಾತು: “ಐದರವರೆಗೆ ಪರ್ಮಿಟ್ ಇದೆಯಲ್ಲಪ್ಪ, ನಡುವೆ ನಿಂದೇನು?” ಬ್ಯಾಚ್ ಒಂದು ದಿನ ಹಿಂದೆ ಬಿತ್ತು. ನಿಮ್ಮಲ್ಲಿ ಊಟದ ನಂತರ ಮತ್ತೆ ಟೆಸ್ಟ್ ಮಾಡ್ತೀರಾ? ಶಿಫ್ಟ್ ಬದಲಾದರೆ ಅದೇ ಪರ್ಮಿಟ್ ಎಕ್ಸ್‌ಟೆಂಡ್ ಮಾಡ್ತೀರಾ, ಹೊಸದು ಬರೀತೀರಾ?

ಉತ್ತರ 1: ಕರಾವಳಿ, ರಿಟೈರ್ಡ್

ಮಾರಾಯ್ರೆ, ತಡೆದದ್ದು ಸರಿ. ಆದರೆ ಬೆಳಿಗ್ಗೆ ಸಹಿ ಹಾಕಿದ್ದು ತಪ್ಪು, ಬೇಜಾರು ಮಾಡ್ಕೊಳ್ಬೇಡಿ. ಮುಚ್ಚಿದ ವಾಲ್ವ್ ಐಸೊಲೇಷನ್ ಅಲ್ಲ. ಜನ ಒಳಗೆ ಇಳಿಯುವುದಾದರೆ ಬ್ಲೈಂಡ್ ಹಾಕಬೇಕು, ಇಲ್ಲ ಸ್ಪೂಲ್ ಪೀಸ್ (ಲೈನಿನಲ್ಲಿ ಬಿಚ್ಚಲು ಬರುವ ಪೈಪಿನ ತುಂಡು) ಬಿಚ್ಚಿ ತೆಗೆದು ಪಕ್ಕಕ್ಕಿಡಬೇಕು. ಬಿಚ್ಚಿಟ್ಟ ಪೈಪು ಪಾಸ್ ಆಗುವುದಿಲ್ಲ.

ಸಂಜೆ 5ರವರೆಗೆ ಎಂದರೆ ಕಾಗದಕ್ಕೆ, ಗಾಳಿಗಲ್ಲ. ಎಲ್ಲರೂ ಹೊರಗೆ ಬಂದು ಅರ್ಧ ಗಂಟೆ ಕಳೆದಿದ್ದರೆ ನಾನು ಮತ್ತೆ ಟೆಸ್ಟ್ ಮಾಡಿಸುತ್ತಿದ್ದೆ. ಮೇಲೆ, ನಡುವೆ, ತಳದಲ್ಲಿ, ಮೂರೂ ಕಡೆ. ಆಮ್ಲಜನಕ 19.5ಕ್ಕಿಂತ ಕೆಳಗೆ ಉಂಟಾದರೆ ಇಳಿಯುವ ಮಾತೇ ಇಲ್ಲ. ಇನ್ನೊಂದು: ಮೊದಲು ಆಮ್ಲಜನಕದ ಅಂಕಿ ಓದಿ, ಆಮೇಲೆ ಎಲ್‌ಇಎಲ್. ಸಾಮಾನ್ಯ ಕ್ಯಾಟಲಿಟಿಕ್ ಸೆನ್ಸರ್ ಒಳಗೆ ಗ್ಯಾಸ್ ಉರಿದರೇ ಅಂಕಿ ಬರುವುದು. ಉರಿಯಲು ಆಮ್ಲಜನಕವೇ ಇಲ್ಲದಿದ್ದರೆ ಡ್ರಮ್ಮಿನ ತುಂಬ ಟಾಲುವಿನ್ (ಬೇಗ ಉರಿಯುವ ದ್ರಾವಕ) ಆವಿ ಇದ್ದರೂ ಕಡಿಮೆ ತೋರಿಸೀತು.

ನೈಟ್ರೋಜನ್‌ಗೆ ವಾಸನೆ ಇಲ್ಲ, ಕೆಮ್ಮು ಬರುವುದಿಲ್ಲ, ಉಸಿರು ಕಟ್ಟಿದ ಹಾಗೆಯೂ ಆಗುವುದಿಲ್ಲ. ಆಮ್ಲಜನಕ ತೀರಾ ಕಡಿಮೆಯಾದಲ್ಲಿ ಒಂದೆರಡು ಉಸಿರಿಗೇ ಬೀಳುತ್ತಾರೆ. ಬಿದ್ದವನನ್ನು ಎತ್ತಲು ಇನ್ನೊಬ್ಬ ಹಾರುತ್ತಾನೆ. ಹಾಗಾಗಿಯೇ 1948ರ ಕಾರ್ಖಾನೆ ಕಾಯ್ದೆಯ (2025ರ ನವೆಂಬರಿನವರೆಗೆ ಇದ್ದ ಕಾನೂನು) 36ನೇ ಸೆಕ್ಷನ್‌ನಲ್ಲಿ ಬೆಲ್ಟು, ಹಗ್ಗ, ಹಗ್ಗದ ತುದಿ ಹಿಡಿದು ಹೊರಗೆ ನಿಂತವನು, ಎಲ್ಲ ಬರೆದಿಟ್ಟದ್ದು. ಒಳಗೆ ಒಯ್ಯುವ ಕೈದೀಪ 24 ವೋಲ್ಟ್ ಮೀರಬಾರದೆಂದು 36ಎ ಹೇಳುತ್ತಿತ್ತು.

ಶಿಫ್ಟ್ ವಿಷಯಕ್ಕೆ ಪೈಪರ್ ಆಲ್ಫಾ ನೆನಪು ಮಾಡಿಕೊಳ್ಳಿ. ಉತ್ತರ ಸಮುದ್ರದ ತೈಲ ಪ್ಲಾಟ್‌ಫಾರ್ಮ್, 1988ರ ಜುಲೈ 6. ಒಂದು ಪಂಪಿನ ಸೇಫ್ಟಿ ವಾಲ್ವ್ ಬಿಚ್ಚಿ, ಆ ಜಾಗಕ್ಕೆ ಬ್ಲೈಂಡ್ ಫ್ಲ್ಯಾಂಜ್ ಇಟ್ಟಿದ್ದರು, ಸೋರದಷ್ಟು ಬಿಗಿ ಇರಲಿಲ್ಲ. ವಾಲ್ವಿನ ಪರ್ಮಿಟ್ ಒಂದು, ಪಂಪಿನ ಪರ್ಮಿಟ್ ಇನ್ನೊಂದು. ರಾತ್ರಿ ಪಾಳಿಯವರಿಗೆ ವಾಲ್ವ್ ಬಿಚ್ಚಿದ ಸುದ್ದಿ ಮುಟ್ಟಲಿಲ್ಲ. ಇನ್ನೊಂದು ಪಂಪು ನಿಂತಾಗ ಇದನ್ನು ಚಾಲು ಮಾಡಿದರು. ಆ ಫ್ಲ್ಯಾಂಜಿನಲ್ಲಿ ಸೋರಿ ಸ್ಫೋಟವಾಯಿತು. 167 ಜನ ಸತ್ತರು. ನಮ್ಮಲ್ಲಿ ಶಿಫ್ಟ್ ಮುಗಿದರೆ ಪರ್ಮಿಟ್ ಮುಗಿಯಿತು. ಹೋಗುವವನೂ ಬರುವವನೂ ಪಂಪಿನ ಬುಡದಲ್ಲೇ ನಿಂತು ಹೊಸತು ಬರೆಯುವುದು, ಆಫೀಸಿನ ಏಸಿಯಲ್ಲಿ ಕೂತು ಅಲ್ಲ.

ಉತ್ತರ 2: ಕಂಟ್ರಾಕ್ಟ್ ಫಿಟ್ಟರ್, ರಾಯಚೂರು

ಸರ್, ನಮ್ ಕಡಿ ಮಾತೂ ಸ್ವಲ್ಪ ಕೇಳ್ರಿ. ಎಂಟಕ್ಕ ಗೇಟಿಗೆ ಬರ್ತೀವಿ, ಪರ್ಮಿಟ್ ಕೈಗೆ ಸಿಗೂದು ಹತ್ತೂವರಿಗೆ. ಒಂದು ಸಹಿಗೆ ಒಬ್ಬ ಸಾಹೇಬ್ರು ಮೀಟಿಂಗ್‌ನ್ಯಾಗ, ಇನ್ನೊಂದು ಸಹಿಗೆ ಇನ್ನೊಬ್ರು ಕ್ಯಾಂಟೀನ್‌ನ್ಯಾಗ. ಕೆಲಸ ಮುಗೀಲಿಲ್ಲಂದ್ರ ನಮ್ ಬಿಲ್ ಕಟ್. ಮತ್ತ ಊಟ ಆದ್ಮ್ಯಾಲೆ ಇನ್ನೊಮ್ಮೆ ಟೆಸ್ಟ್ ಅಂದ್ರ ಹುಡುಗ್ರು ಮಾರಿ ಸಣ್ಣ ಮಾಡ್ತಾರ. ಟೆಸ್ಟ್ ಬ್ಯಾಡ ಅಂತಲ್ರಿ, ಜಲ್ದಿ ಮಾಡ್ರಿ ಅಂತ.

ಆ ಬ್ಲೋವರ್ ಆರಿಸಿದ ಹುಡುಗಗ ಬೈಬ್ಯಾಡ್ರಿ. ಆ ಕಾಗದ ಇಂಗ್ಲಿಷ್‌ನ್ಯಾಗ ಇರ್ತದ, ನಮ್ ಗ್ಯಾಂಗಿನ್ಯಾಗ ಅರ್ಧ ಮಂದಿ ಒಡಿಶಾದವ್ರು. ಬ್ಲೋವರ್ ಸ್ವಿಚ್ಚಿಗೆ ಒಂದು ಕೆಂಪು ಬಟ್ಟಿ ಕಟ್ರಿ, ‘ಇದನ್ನ ಮುಟ್ಟಬ್ಯಾಡ’ ಅಂತ ಅವ್ರ ಭಾಷಾದಾಗ ಒಮ್ಮೆ ಹೇಳ್ರಿ. ಯಾರೂ ಮುಟ್ಟಂಗಿಲ್ಲ.

ಮತ್ತ ಹೊರಗ ನಿಂತವಗ ‘ಸ್ಪ್ಯಾನರ್ ತಗೊಂಡ್ ಬಾ’ ಅಂತ ಕಳಸಬ್ಯಾಡ್ರಿ. ಅಂವಾ ಹ್ವಾದ್ರ ಒಳಗಿದ್ದಂವ ಯಾರ್ನ ಕೂಗ್ಬೇಕ್ರಿ?

ಪ್ರಶ್ನೆ ಕೇಳಿದವನು

ಇಬ್ಬರಿಗೂ ಥ್ಯಾಂಕ್ಸ್. ಸಹಿ ವಿಷಯದಲ್ಲಿ ಬೇಜಾರಿಲ್ಲ ಸರ್. ಅವತ್ತು ಹದಿನಾಲ್ಕು ಪರ್ಮಿಟ್ ಇದ್ದವು, ಆ ಲೈನ್ ಹತ್ರ ನಡೆದು ಹೋಗಿ ನೋಡಿರಲಿಲ್ಲ, ಅಷ್ಟೇ ಸತ್ಯ.

ನಿನ್ನೆ ಸ್ಪೂಲ್ ಬಿಚ್ಚಿಸಿ, ಎರಡೂ ತುದಿಗೆ ಪ್ಲೇಟ್ ಹಾಕಿಸಿ, ಬ್ಲೋವರ್ ಮತ್ತೆ ಓಡಿಸಿ, ಮೂರೂ ಕಡೆ ಟೆಸ್ಟ್ ಮಾಡಿ ಇಳಿಸಿದೆ. ಊಟದ ನಂತರ ಮತ್ತೊಮ್ಮೆ. ಕೆಲಸ ನಾಲ್ಕಕ್ಕೇ ಮುಗೀತು. ಸ್ವಿಚ್ಚಿಗೆ ಕೆಂಪು ಬಟ್ಟೆ ಕಟ್ಟಿದ್ದು ಅದೇ ಹುಡುಗ. ಪರ್ಮಿಟ್ ಪುಸ್ತಕ ಆಫೀಸಿನಿಂದ ಪ್ಲಾಂಟಿನ ಮೆಟ್ಟಿಲ ಹತ್ರ ಬಂದಿದೆ, ಒಂಬತ್ತರೊಳಗೆ ಸಹಿ ಆಗಬೇಕು ಅಂತ ಕೇಳಿದ್ದೀನಿ.

ಮ್ಯಾನೇಜರ್ ಇನ್ನೂ ಮಾತಾಡಿಸ್ತಿಲ್ಲ. ಗುರುವಾರ ಪಕ್ಕದ ರಿಯಾಕ್ಟರ್ ಇದೆ, ಸ್ಟೋರ್‌ನವರು ಆ ಸೈಜಿನ ಬ್ಲೈಂಡ್ ಇಲ್ಲ ಅಂತಿದ್ದಾರೆ. ಬರೋವರೆಗೆ ಯಾರನ್ನೂ ಇಳಿಸಲ್ಲ ಅಂತ ಬರೆದು ಕೊಟ್ಟು ಬಂದೆ.