ಕಂಪೈಲರ್, ಡಿಬಗರ್ ಇಲ್ಲದ ಸರ್ವರ್‌ನಲ್ಲಿ ಸೆಗ್‌ಫಾಲ್ಟ್: ಸಾಲು ಹುಡುಕುವುದು ಹೇಗೆ?

ಪ್ರಶ್ನೆ

64 ಬಿಟ್ ಲಿನಕ್ಸ್ ಸರ್ವರ್. ಜಿಸಿಸಿ (ಕಂಪೈಲರ್) ಇಲ್ಲ, ಜಿಡಿಬಿ (ಡಿಬಗರ್) ಇಲ್ಲ, ಇಂಟರ್ನೆಟ್ ಇಲ್ಲ, ಹೊಸ ಪ್ಯಾಕೇಜ್ ಹಾಕಲು ಅನುಮತಿಯೂ ಇಲ್ಲ. ಎಸ್‌ಎಸ್‌ಎಚ್ (ದೂರದಿಂದ ಲಾಗಿನ್) ಮತ್ತು ರೂಟ್ (ಅಡ್ಮಿನ್) ಅಧಿಕಾರ ಮಾತ್ರ ಇದೆ. ಸಿಸ್ಟಮ್‌ಡಿ (ಹಿನ್ನೆಲೆ ಸರ್ವಿಸ್‌ಗಳನ್ನು ನಡೆಸುವ ವ್ಯವಸ್ಥೆ) ಸರ್ವಿಸ್ ಆಗಿ ಓಡುವ ಸಿ ಪ್ಲಸ್ ಪ್ಲಸ್ ಪ್ರೋಗ್ರಾಂ ದಿನಕ್ಕೊಮ್ಮೆ ಸೆಗ್‌ಫಾಲ್ಟ್ (ತನಗೆ ಸೇರದ ಮೆಮೊರಿ ಮುಟ್ಟಿ ಕ್ರ್ಯಾಶ್) ಆಗಿ ಬೀಳುತ್ತದೆ, ಲಾಗ್‌ನಲ್ಲಿ ಸುಳಿವಿಲ್ಲ. ಅದೇ ಇನ್‌ಪುಟ್ ಬಿಲ್ಡ್ ಮಷೀನ್‌ನಲ್ಲಿ ಕೊಟ್ಟರೆ ಏನೂ ಆಗುವುದಿಲ್ಲ. ಬೈನರಿ -ಓ2 (ಆಪ್ಟಿಮೈಸ್ ಮಾಡಿದ) ಬಿಲ್ಡ್, ಸ್ಟ್ರಿಪ್ ಮಾಡಿದ್ದು (ಡಿಬಗ್ ಮಾಹಿತಿ ತೆಗೆದದ್ದು). ಯಾವ ಸಾಲಿನಲ್ಲಿ ಬೀಳುತ್ತಿದೆ ಎಂದು ತಿಳಿಯುವ ದಾರಿ ಇದೆಯೇ?

ಉತ್ತರ 1

ಆ ಸರ್ವರ್‌ನಲ್ಲಿ ಡಿಬಗ್ ಮಾಡಲು ಹೋಗಬೇಡಿ. ಅಲ್ಲಿಂದ ಕೋರ್ ಫೈಲ್ (ಕ್ರ್ಯಾಶ್ ಆದ ಕ್ಷಣದ ಮೆಮೊರಿಯ ಪ್ರತಿ) ತಂದು ಬಿಲ್ಡ್ ಮಷೀನ್‌ನಲ್ಲಿ ತೆರೆಯಿರಿ.

ಶೆಲ್‌ನಲ್ಲಿ ಯುಲಿಮಿಟ್ (ಕೋರ್ ಗಾತ್ರದ ಮಿತಿ) ಬದಲಿಸಿದರೆ ಸರ್ವಿಸ್‌ಗೆ ಅದು ತಾಗುವುದೇ ಇಲ್ಲ. ಹೆಚ್ಚಿನವರು ಎಡವುವುದು ಇಲ್ಲೇ. ಯೂನಿಟ್ ಫೈಲ್‌ನ ಸರ್ವಿಸ್ ವಿಭಾಗದಲ್ಲಿ ಲಿಮಿಟ್‌ಕೋರ್=ಇನ್ಫಿನಿಟಿ ಎಂದು ಸೇರಿಸಿ, ಡೀಮನ್-ರೀಲೋಡ್ ಮಾಡಿ, ಸರ್ವಿಸ್ ರೀಸ್ಟಾರ್ಟ್ ಮಾಡಿ. ಆಮೇಲೆ /ಪ್ರೊಕ್/ಸಿಸ್/ಕರ್ನಲ್/ಕೋರ್_ಪ್ಯಾಟರ್ನ್ (ಕೋರ್ ಎಲ್ಲಿಗೆ ಹೋಗಬೇಕೆಂದು ಹೇಳುವ ಫೈಲ್) ನೋಡಿ. ಅದು ಪೈಪ್ (|) ಗುರುತಿನಿಂದ ಶುರುವಾಗಿದ್ದರೆ ಕೋರ್ ಬೇರೊಂದು ಪ್ರೋಗ್ರಾಂ ಕೈಗೆ ಹೋಗುತ್ತಿದೆ. ಅದು ಸಿಸ್ಟಮ್‌ಡಿ-ಕೋರ್‌ಡಂಪ್ ಆಗಿದ್ದರೆ ಕೋರ್‌ಡಂಪ್‌ಸಿಟಿಎಲ್ ಲಿಸ್ಟ್ ಎಂದು ಕೊಟ್ಟರೆ ಸಿಗುತ್ತದೆ. ಬರೀ 'ಕೋರ್' ಎಂದಿದ್ದರೆ ಫೈಲ್ ಪ್ರೋಗ್ರಾಂನ ವರ್ಕಿಂಗ್ ಡೈರೆಕ್ಟರಿಗೆ ಬೀಳಬೇಕು. ಸರ್ವಿಸ್‌ಗೆ ಅದು ಸಾಮಾನ್ಯವಾಗಿ ರೂಟ್ ಡೈರೆಕ್ಟರಿ (/), ಅಲ್ಲಿ ಬರೆಯಲು ಸರ್ವಿಸ್ ಯೂಸರ್‌ಗೆ ಅನುಮತಿ ಇರುವುದಿಲ್ಲ, ಹಾಗಾಗಿ ಕೋರ್ ಸದ್ದಿಲ್ಲದೆ ಕಾಣೆಯಾಗುತ್ತದೆ. ಆ ಯೂಸರ್ ಬರೆಯಬಲ್ಲ, ಸಾಕಷ್ಟು ಜಾಗವಿರುವ ಡೈರೆಕ್ಟರಿಯ ಪೂರ್ತಿ ಪಾತ್ ಅನ್ನು ಕೋರ್_ಪ್ಯಾಟರ್ನ್‌ನಲ್ಲಿ ಕೊಡಿ.

ಕೋರ್ ಜೊತೆ ಸರ್ವರ್‌ನ ಲಿಬ್‌ಸಿ, ಲಿಬ್‌ಎಸ್‌ಟಿಡಿಸಿ++, ಡೈನಮಿಕ್ ಲೋಡರ್, ಪ್ರೋಗ್ರಾಂ ಬಳಸುವ ಉಳಿದ ಲೈಬ್ರರಿಗಳನ್ನೂ ಅದೇ ಪಾತ್ ರಚನೆಯಲ್ಲಿ ಒಂದು ಫೋಲ್ಡರ್‌ಗೆ ತನ್ನಿ. ಜಿಡಿಬಿಯಲ್ಲಿ ಮೊದಲು 'ಸೆಟ್ ಸಿಸ್‌ರೂಟ್' ಎಂದು ಆ ಫೋಲ್ಡರ್ ತೋರಿಸಿ, ನಂತರ ಸ್ಟ್ರಿಪ್ ಮಾಡದ ಬೈನರಿ, ಕೊನೆಗೆ ಕೋರ್. 'ಥ್ರೆಡ್ ಅಪ್ಲೈ ಆಲ್ ಬಿಟಿ' ಕೊಟ್ಟು ಎಲ್ಲ ಥ್ರೆಡ್‌ಗಳ ಸ್ಟ್ಯಾಕ್ (ಫಂಕ್ಷನ್ ಕರೆಗಳ ಸರಣಿ) ನೋಡಿ. ಲೈಬ್ರರಿ ಹೊಂದದಿದ್ದರೆ ಸ್ಟ್ಯಾಕ್ ತುಂಬ ?? ಸಾಲುಗಳೇ ಬರುತ್ತವೆ.

ಪ್ರಶ್ನೆ ಕೇಳಿದವರು

ಸ್ಟ್ರಿಪ್ ಮಾಡದ ಪ್ರತಿ ಇಟ್ಟುಕೊಂಡಿಲ್ಲ. ಅದೇ ಸೋರ್ಸ್‌ನಿಂದ ಮತ್ತೆ ಬಿಲ್ಡ್ ಮಾಡಿದರೆ ನಡೆಯುತ್ತದೆಯೇ?

ಉತ್ತರ 2

ಬಿಲ್ಡ್ ಐಡಿ (ಬೈನರಿಯೊಳಗಿನ ಗುರುತಿನ ಸಂಖ್ಯೆ) ಹೊಂದಿದರೆ ಮಾತ್ರ. ಎರಡೂ ಬೈನರಿಗಳಿಗೆ ರೀಡ್‌ಎಲ್ಫ್ -ಎನ್ ಕೊಟ್ಟು ಹೋಲಿಸಿ. ಸ್ಟ್ರಿಪ್ ಮಾಡಿದರೂ ಅದು ಬದಲಾಗುವುದಿಲ್ಲ. ಕಂಪೈಲರ್ ಆವೃತ್ತಿ, ಫ್ಲ್ಯಾಗ್ ಅಥವಾ ಸೋರ್ಸ್ ಇರುವ ಡೈರೆಕ್ಟರಿ ಬೇರೆಯಾದರೂ ಸಾಕು, ಐಡಿ ತಪ್ಪಬಹುದು. ಐಡಿ ಬೇರೆಯಾಗಿದ್ದರೆ ಜಿಡಿಬಿ ಸಾಲಿನ ಸಂಖ್ಯೆ ತೋರಿಸಿದರೂ ನಂಬಬೇಡಿ, ಸಂಬಂಧವಿಲ್ಲದ ಫಂಕ್ಷನ್‌ನ ಹೆಸರು ಬಂದು ದಿನವಿಡೀ ಹಾಳಾಗುತ್ತದೆ.

ನನ್ನ ಸಲಹೆ: -ಓ2 ಜೊತೆ -ಜಿ (ಡಿಬಗ್ ಮಾಹಿತಿ ಸೇರಿಸುವ ಫ್ಲ್ಯಾಗ್) ಹಾಕಿ ಹೊಸದಾಗಿ ಬಿಲ್ಡ್ ಮಾಡಿ. -ಜಿ ಹಾಕಿದ ಮಾತ್ರಕ್ಕೆ ಪ್ರೋಗ್ರಾಂ ನಿಧಾನವಾಗುವುದಿಲ್ಲ, ಫೈಲ್ ಮಾತ್ರ ದೊಡ್ಡದಾಗುತ್ತದೆ. ಆಬ್ಜ್‌ಕಾಪಿಯ --ಓನ್ಲಿ-ಕೀಪ್-ಡಿಬಗ್ ಆಯ್ಕೆಯಿಂದ ಸಿಂಬಲ್‌ಗಳನ್ನು ಬೇರೆ ಫೈಲ್‌ಗೆ ತೆಗೆದಿಟ್ಟುಕೊಂಡು, ಸ್ಟ್ರಿಪ್ ಮಾಡಿದ್ದನ್ನು ಸರ್ವರ್‌ಗೆ ಕಳಿಸಿ. ಮುಂದಿನ ಕ್ರ್ಯಾಶ್‌ಗೆ ಕಾಯಿರಿ.

ಉತ್ತರ 3

ಕಾಯುವ ಹೊತ್ತಿನಲ್ಲಿ ಡಿಮೆಸೇಜ್ (ಕರ್ನಲ್ ಲಾಗ್) ನೋಡಿ. ಕರ್ನಲ್ ಒಂದು ಸೆಗ್‌ಫಾಲ್ಟ್ ಸಾಲು ಬರೆದಿರುತ್ತದೆ. ಎರರ್ 4 ಅಂದರೆ ಮ್ಯಾಪ್ ಆಗದ ವಿಳಾಸದಿಂದ ಓದಲು ಹೋಗಿದೆ, 6 ಅಂದರೆ ಬರೆಯಲು ಹೋಗಿದೆ. 'ಅಟ್' ಮುಂದಿನ ವಿಳಾಸ 18ರಂತೆ ಚಿಕ್ಕದಿದ್ದರೆ ಅದು ಬಹುತೇಕ ನಲ್ ಪಾಯಿಂಟರ್: ಹೆಕ್ಸ್ 18, ಅಂದರೆ ಆಬ್ಜೆಕ್ಟ್‌ನ ಶುರುವಿನಿಂದ 24ನೇ ಬೈಟ್‌ನಲ್ಲಿರುವ ಮೆಂಬರ್.

ಐಪಿ (ಬಿದ್ದಾಗ ಓಡುತ್ತಿದ್ದ ಇನ್‌ಸ್ಟ್ರಕ್ಷನ್‌ನ ವಿಳಾಸ) ಮೌಲ್ಯದಿಂದ, ಚೌಕ ಆವರಣದೊಳಗೆ + ಗುರುತಿಗೆ ಮುಂಚೆ ಇರುವ ಸಂಖ್ಯೆ ಕಳೆಯಿರಿ. ಆದರೆ ಅದನ್ನು ನೇರವಾಗಿ ಆಡ್ರ್‌2ಲೈನ್‌ಗೆ (ವಿಳಾಸದಿಂದ ಸೋರ್ಸ್ ಸಾಲು ಹೇಳುವ ಟೂಲ್) ಕೊಡಬೇಡಿ. ಆ ಸಂಖ್ಯೆ ಕೋಡ್ ಇರುವ ಮ್ಯಾಪಿಂಗ್‌ನ ಶುರು, ಇಡೀ ಫೈಲ್‌ನ ಶುರುವಲ್ಲ. ರೀಡ್‌ಎಲ್ಫ್ -ಎಲ್ (ಸಣ್ಣಕ್ಷರ) ತೋರಿಸುವ, ಎಕ್ಸಿಕ್ಯೂಟ್ ಗುರುತಿರುವ ಲೋಡ್ ಭಾಗದ ವರ್ಚುವಲ್ ವಿಳಾಸವನ್ನು ಕೂಡಿಸಿ, ಆಮೇಲೆ ಕೊಡಿ. ಇನ್‌ಲೈನ್ ಆದ ಫಂಕ್ಷನ್‌ಗಳೂ ಕಾಣಲು -ಐ ಬೇಕೇ ಬೇಕು.

ಉತ್ತರ 4

ಜಿಡಿಬಿಸರ್ವರ್ (ದೂರದ ಜಿಡಿಬಿಗಾಗಿ ಸರ್ವರ್‌ನಲ್ಲಿ ಓಡುವ ಚಿಕ್ಕ ಪ್ರೋಗ್ರಾಂ) ಬಗ್ಗೆ ಯಾರೂ ಹೇಳಲಿಲ್ಲ. ಸ್ಟ್ಯಾಟಿಕ್ ಬಿಲ್ಡ್ ಮಾಡಿದರೆ ಒಂದೇ ಫೈಲ್, ಕಾಪಿ ಮಾಡಿದರೆ ಸಾಕು. ಆದರೂ ದಿನಕ್ಕೊಮ್ಮೆ ಬೀಳುವ ಸರ್ವಿಸ್‌ಗೆ ಕೋರ್ ಫೈಲೇ ಮೇಲು, ಏಕೆಂದರೆ ಬ್ರೇಕ್‌ಪಾಯಿಂಟ್ ತಾಗಿದರೆ ಎಲ್ಲ ಥ್ರೆಡ್‌ಗಳೂ ನಿಲ್ಲುತ್ತವೆ. ಬಳಸಲೇಬೇಕಾದರೆ ಲೋಕಲ್‌ಹೋಸ್ಟ್‌ನಲ್ಲಿ ಮಾತ್ರ ಓಡಿಸಿ, ಎಸ್‌ಎಸ್‌ಎಚ್ ಟನಲ್ ಮೂಲಕ ಸೇರಿ. ಜಿಡಿಬಿಸರ್ವರ್‌ಗೆ ಪಾಸ್‌ವರ್ಡ್ ಕೇಳುವ ವ್ಯವಸ್ಥೆಯೇ ಇಲ್ಲ, ಪೋರ್ಟ್ ಮುಟ್ಟಿದವರೆಲ್ಲ ಒಳಗೆ ಬರಬಹುದು.

ಕೋರ್ ಫೈಲ್‌ನಲ್ಲೂ ಎಚ್ಚರ ಬೇಕು: ಆ ಕ್ಷಣದಲ್ಲಿ ಮೆಮೊರಿಯಲ್ಲಿದ್ದ ಪಾಸ್‌ವರ್ಡ್, ಕೀ, ಬಳಕೆದಾರರ ಮಾಹಿತಿ ಅದರಲ್ಲಿ ಹಾಗೇ ಇರುತ್ತವೆ. ಪರ್ಮಿಷನ್ 600 (ಮಾಲೀಕರು ಮಾತ್ರ ಓದಿ ಬರೆಯಬಲ್ಲದ್ದು) ಇಡಿ, ಕೆಲಸ ಮುಗಿದ ಮೇಲೆ ಎರಡೂ ಕಡೆ ಅಳಿಸಿ.