ಸಹಾಯ ಬೇಕು: ಶಿರೂರು ದಾಟಲಾಗದ ನನ್ನ ತಮ್ಮ

ನನ್ನ ತಮ್ಮ ಲಾರಿ ಚಾಲಕ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು, ಹೆದ್ದಾರಿ ಬದಿಯ ಚಹಾ ಅಂಗಡಿ, ವಾಹನಗಳು ಗಂಗಾವಳಿ ನದಿ ಪಾಲಾದವಲ್ಲ, ಹಿಂದಿನ ಸಂಜೆ ಅವನು ಅಲ್ಲಿಯೇ ಚಹಾ ಕುಡಿದು ಬಂದಿದ್ದ. ಮೈಮೇಲೆ ಒಂದು ಗೀರೂ ಇಲ್ಲ. ಹಾಗಾಗಿ ಮಾಲೀಕರಿಗೆ ಇದೆಲ್ಲ ಸೋಗು. ಆದರೆ ಮಳೆ ಜೋರಾದರೆ ಸ್ಟೇರಿಂಗ್ ಹಿಡಿದ ಕೈ ನಡುಗುತ್ತದೆ. ಕುಮಟಾದಲ್ಲಿಯೇ ಗಾಡಿ ನಿಲ್ಲಿಸಿ ಬೆಳಗಾಗುವವರೆಗೂ ಕುಳಿತಿರುತ್ತಾನೆ. ಅಮ್ಮ ತಾಯಿತ ಕಟ್ಟಿಸಿದ್ದಾಳೆ, ಅದೂ ಇರಲಿ.

ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಕರೆ ಮಾಡಿದವರು ಯಾರಾದರೂ ಇದ್ದೀರಾ? ‘ಹುಚ್ಚ ಅನ್ನುತ್ತಾರೆ’ ಎಂದು ಹಿಂಜರಿಯುವವನನ್ನು ಹೇಗೆ ಒಪ್ಪಿಸಿದಿರಿ? ಮಳೆಗಾಲ ಮುಗಿಯುವವರೆಗೆ ಬೇರೆ ಮಾರ್ಗ ಕೇಳಬೇಕೆಂದಿದ್ದೇವೆ. ಮಾಲೀಕರಿಗೆ ತೋರಿಸಲು ವೈದ್ಯರ ಚೀಟಿ ಕಾರವಾರದ ಜಿಲ್ಲಾಸ್ಪತ್ರೆಯಲ್ಲಿ ಸಿಗುತ್ತದೆಯೇ? ತಿಳಿದವರು ದಯವಿಟ್ಟು ಬರೆಯಿರಿ.